ಚೂರು ಬಟ್ಟೆಯ ಕೌದಿ

ನಾವು ಹಗಲು ಹೊತ್ತು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇವೆ. ಸಂಜೆ ಕಲಿಕಾ ಕೇಂದ್ರದಲ್ಲಿ ದೊಡ್ಡವರ ಜೊತೆ ಕೂರುತ್ತೇವೆ. ಮಕ್ಕಳಿಗೆ ನಾವು ಕಲಿಸುತ್ತೇವೆ. ದೊಡ್ಡವರಿಂದ ನಾವೇ ಎಷ್ಟೋ ಕಲಿಯುತ್ತೇವೆ. ಕೌದಿ ಹೊಲಿಯುವುದನ್ನೂ ಹಾಗೆಯೇ ಕಲಿತೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

ಅಜ್ಜಿಯ ಮೊಳ

ಅದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಮಾಗಿ ತಿಂಗಳ ಚಳಿ. ಕೇಂದ್ರಕ್ಕೆ ಹನ್ನೆರಡು ಜನ ಬಂದಿದ್ದರು. ಎಲ್ಲರೂ ಬರೆಯುತ್ತಿದ್ದರು. ಒಬ್ಬ ಅಜ್ಜಿ ಮಾತ್ರ ಸ್ಲೇಟು ಮುಟ್ಟಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು.

"ಯಾಕಜ್ಜಿ, ಮೈಗೆ ಹುಷಾರಿಲ್ವಾ?" ಎಂದು ಕೇಳಿದೆವು.

"ಮೈಯೇನೋ ಚೆನ್ನಾಗೈತೆ ಮೇಷ್ಟ್ರೇ. ಮನಸ್ಸಿಗೇ ಬೇಜಾರು" ಎಂದರು ಅಜ್ಜಿ.

ಈ ಅಜ್ಜಿ ಕೌದಿ ಹೊಲಿಯುವುದರಲ್ಲಿ ಗಟ್ಟಿಗರು. ಸುತ್ತಲ ಊರಿನವರು ಹಳೆ ಸೀರೆ ತಂದು ಕೊಡುತ್ತಾರೆ. ಅಜ್ಜಿ ಹೊಲಿದು ಕೊಡುತ್ತಾರೆ. ಅವರು ಕೂಲಿ ಕೊಡುತ್ತಾರೆ. ಈ ಸಲ ಪಕ್ಕದೂರಿನ ಒಂದು ಮನೆಯವರು ಕೌದಿ ಹೊಲಿಸಿದ್ದರು.

"ಆರಡಿ ಉದ್ದ ಇರಲಿ ಅಂದಿದ್ರು. ಆರಡಿ ಅಂದ್ರೆ ನಾಕು ಮೊಳ. ನಾನು ನಾಕು ಮೊಳ ಅಳೆದೇ ಹೊಲಿದೆ. ಅವರು ಟೇಪು ಹಿಡಿದ್ರು. ಎಂಟು ಅಂಗುಲ ಕಮ್ಮಿ ಐತೆ ಅಂದ್ರು. ಮಾತಾಡಿದ್ದು ಆರುನೂರು. ಕೊಟ್ಟಿದ್ದು ನಾನೂರು. ನನ್ನ ಮೊಳ ಸುಳ್ಳು ಹೇಳ್ತದಾ ಮೇಷ್ಟ್ರೇ?"

ಕೇಂದ್ರದಲ್ಲಿ ಎಲ್ಲರೂ ಬರೆಯುವುದನ್ನು ನಿಲ್ಲಿಸಿದರು. ನಾವು ಪೆಟ್ಟಿಗೆಯಿಂದ ಟೇಪು ತೆಗೆದೆವು. ಅಜ್ಜಿಯ ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಅಳೆದೆವು. 16 ಅಂಗುಲ ಬಂತು.

ಹಲಗೆಯ ಮೇಲೆ ಹೀಗೆ ಬರೆದೆವು:

ಲೆಕ್ಕದ ಪುಸ್ತಕದ ಮೊಳ 18 ಅಂಗುಲ. 18 × 4 = 72 ಅಂಗುಲ. ಅಂದರೆ 6 ಅಡಿ.

ಅಜ್ಜಿಯ ಮೊಳ 16 ಅಂಗುಲ. 16 × 4 = 64 ಅಂಗುಲ.

72 – 64 = 8 ಅಂಗುಲ.

ಅಜ್ಜಿ ಹಲಗೆಯನ್ನೇ ನೋಡುತ್ತಾ ಕೂತರು. ಆಮೇಲೆ ತಮ್ಮ ಕೈ ನೋಡಿಕೊಂಡರು. "ಹಂಗಾದ್ರೆ ನನ್ನ ಕೈ ಗಿಡ್ಡ" ಎಂದರು. ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು.

"ನಿಮ್ಮ ಮೊಳ ಸುಳ್ಳು ಹೇಳಲ್ಲ ಅಜ್ಜಿ. ಆದರೆ ಅದು ನಿಮ್ಮ ಮೊಳ. ನಮ್ಮ ಮನೆಗೆ ನಾವು ಹೊಲಿದುಕೊಂಡರೆ ನಮ್ಮ ಮೊಳ ಸಾಕು. ಬೇರೆಯವರಿಗೆ ಹೊಲಿದರೆ ಇಬ್ಬರಿಗೂ ಒಪ್ಪಿಗೆಯಾಗುವ ಅಳತೆ ಬೇಕು. ಅದೇ ಟೇಪು" ಎಂದೆವು.

"ಹಂಗಾದ್ರೆ ಆ ಟೇಪು ಓದಾದು ಹೇಳ್ಕೊಡಿ" ಎಂದರು ಅಜ್ಜಿ.

"ನೀವು ಕೌದಿ ಹೊಲಿಯೋದು ಹೇಳ್ಕೊಡಿ" ಎಂದೆವು ನಾವು.

ಅವತ್ತೇ ತೀರ್ಮಾನ ಆಯಿತು. ಕೇಂದ್ರದಲ್ಲಿ ಎಲ್ಲರೂ ಸೇರಿ ಒಂದು ಕೌದಿ ಹೊಲಿಯುವುದು. ಬಟ್ಟೆಗೆ ದುಡ್ಡು ಕೊಡಬಾರದು. ಚೂರು ಬಟ್ಟೆಯಲ್ಲೇ ಮುಗಿಸಬೇಕು.

ಕೌದಿ ಎಂದರೆ ಏನು?

ಹಳೆ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಉದ್ದಕ್ಕೂ ಹೊಲಿದರೆ ಕೌದಿ. ಕೆಲವರು ಇದನ್ನು ಬೊಂತೆ ಎನ್ನುತ್ತಾರೆ. ಪಾವಗಡದ ಸುತ್ತ ಆಂಧ್ರದ ಗಡಿ ಇದೆ. ಅಲ್ಲಿ ತೆಲುಗು ಮಾತಾಡುವ ಮನೆಗಳಲ್ಲಿ ಬೊಂತ ಎನ್ನುತ್ತಾರೆ. ಹೆಸರು ಬೇರೆ. ಕೆಲಸ ಒಂದೇ.

ಕೌದಿ ಯಾಕೆ ಬೆಚ್ಚಗಿರುತ್ತದೆ? ಪದರ ಪದರದ ನಡುವೆ ಗಾಳಿ ನಿಲ್ಲುತ್ತದೆ. ನಿಂತ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಒಂದು ದಪ್ಪ ಬಟ್ಟೆಗಿಂತ ನಾಲ್ಕು ತೆಳು ಬಟ್ಟೆ ಬೆಚ್ಚಗೆ ಇರುವುದು ಇದಕ್ಕೇ.

ನಮ್ಮ ನಾಲ್ಕು ತಾಲ್ಲೂಕು ಬಯಲು ಸೀಮೆ. ಮಳೆ ಕಮ್ಮಿ. ಹಗಲು ಬಿಸಿಲು. ಮಾಗಿಯಲ್ಲಿ ರಾತ್ರಿ ಗಡಗಡ ಚಳಿ. ಶಿರಾ ಕಡೆ ಕುರಿ ಸಾಕುವವರು ಹೆಚ್ಚು. ಅಲ್ಲಿ ಉಣ್ಣೆ ಕಂಬಳಿ ನೇಯುತ್ತಾರೆ. ಕಂಬಳಿಗೆ ಕುರಿ ಬೇಕು, ಮಗ್ಗ ಬೇಕು. ಕೌದಿಗೆ ಸೂಜಿ, ದಾರ, ಹಳೆ ಬಟ್ಟೆ ಇದ್ದರೆ ಸಾಕು. ಅದಕ್ಕೇ ಬಡವರ ಮನೆಯಲ್ಲೂ ಕೌದಿ ಇತ್ತು.

ಈಗ ಅಂಗಡಿಯಲ್ಲಿ ಬಣ್ಣ ಬಣ್ಣದ ರಗ್ಗು ಸಿಗುತ್ತದೆ. ಬೇಕಾದವರು ಕೊಳ್ಳಲಿ. ಆದರೆ ಹರಿದ ಸೀರೆ, ಉಳಿದ ಚೂರು ತಿಪ್ಪೆಗೆ ಹೋಗುತ್ತಿದೆ. ನೈಲಾನು ಚೂರು ಮಣ್ಣಿನಲ್ಲಿ ಕರಗುವುದಿಲ್ಲ. ಸುಟ್ಟರೆ ಕೆಟ್ಟ ಹೊಗೆ. ಹತ್ತಿ ಚೂರನ್ನು ಎಸೆದರೆ ಒಂದು ಹೊದಿಕೆಯನ್ನೇ ಎಸೆದ ಹಾಗೆ.

ಬಟ್ಟೆ ಆರಿಸುವುದು

ಚೂರು ಬಟ್ಟೆ ಎಲ್ಲಿ ಸಿಗುತ್ತದೆ? ಊರಿನ ಟೈಲರ್ ಅಂಗಡಿಯಲ್ಲಿ ಸಿಗುತ್ತದೆ. ರವಿಕೆ ಕತ್ತರಿಸಿ ಉಳಿದ ತುಂಡು, ಲಂಗದ ಅಂಚು, ಅಂಗಿಯ ತೋಳಿನ ಚೂರು ಮೂಟೆಯಲ್ಲಿ ಬಿದ್ದಿರುತ್ತದೆ. ಕೇಳಿದರೆ ಕೊಡುತ್ತಾರೆ. ಮನೆಯಲ್ಲಿ ಮಕ್ಕಳ ಹಳೆ ಯೂನಿಫಾರಂ ಇರುತ್ತದೆ. ಹಳೆ ಪಂಚೆ, ಲುಂಗಿ ಇರುತ್ತವೆ. ಮಂಡಿ ಹತ್ತಿರ ಹರಿದ ಪ್ಯಾಂಟಿನ ಹಿಂಭಾಗ ಗಟ್ಟಿಯಾಗೇ ಇರುತ್ತದೆ.

ಬಟ್ಟೆ ಆರಿಸುವಾಗ ಮೂರು ಪರೀಕ್ಷೆ ಮಾಡಿ.

1. ಎಳೆದು ನೋಡಿ. ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಪರ್ ಎಂದು ಹರಿದರೆ ಅದು ಮೇಲಕ್ಕೆ ಬೇಡ. ಒಳ ಪದರಕ್ಕೆ ಇಡಿ.

2. ಸುಟ್ಟು ನೋಡಿ. ಒಂದೆರಡು ನೂಲೆಳೆ ಕಿತ್ತು, ಕಡ್ಡಿ ಗೀರಿ, ಮನೆಯ ಹೊರಗೆ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಬೂದಿ ಮೆತ್ತಗೆ ಉದುರುತ್ತದೆ. ನೈಲಾನು, ಟೆರಿಲಿನ್ ಆದರೆ ಮುದುರಿ ಗಟ್ಟಿ ಉಂಡೆ ಆಗುತ್ತದೆ. ಇಂಥ ಬಟ್ಟೆಯ ಕೌದಿ ಒಲೆಯ ಹತ್ತಿರ ಅಪಾಯ. ಕಿಡಿ ಬಿದ್ದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಮಕ್ಕಳ ಕೌದಿಗೆ ಹತ್ತಿಯೇ ಇರಲಿ.

3. ಒದ್ದೆ ಮಾಡಿ ನೋಡಿ. ಬಟ್ಟೆಯನ್ನು ನೀರಲ್ಲಿ ಅದ್ದಿ, ಬಿಳಿ ಬಟ್ಟೆಯ ಮೇಲೆ ಒತ್ತಿ. ಬಣ್ಣ ಹತ್ತಿದರೆ ಅದನ್ನು ಬೇರೆ ಇಡಿ.

ಮೂರನೇ ಪರೀಕ್ಷೆಯನ್ನು ನಾವು ಪೆಟ್ಟು ತಿಂದು ಕಲಿತೆವು. ಮೊದಲ ವಾರ ನಾವು ಉತ್ಸಾಹದಿಂದ ಹತ್ತು ತುಂಡು ಜೋಡಿಸಿದ್ದೆವು. ನಡುವೆ ಒಂದು ಹೊಸ ಕೆಂಪು ರವಿಕೆ ಬಟ್ಟೆ ಇತ್ತು. ನೋಡಲು ಚೆಂದ ಇತ್ತು. ಒಗೆದೆವು. ಅಕ್ಕಪಕ್ಕದ ಬಿಳಿ ತುಂಡೆಲ್ಲ ಕುಂಕುಮ ಚೆಲ್ಲಿದ ಹಾಗೆ ಆಯಿತು. ಹತ್ತೂ ಹಾಳು. ಅಜ್ಜಿ ಬೈಯಲಿಲ್ಲ. "ಹೊಸ ಬಟ್ಟೆ ಹೊಸ ಸೊಸೆ ಇದ್ದಂಗೆ. ಮೊದಲು ನಮ್ಮ ನೀರಿಗೆ ಹೊಂದಿಕೋಬೇಕು" ಎಂದರು.

ಉಪ್ಪು ನೀರಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂದು ಹಲವರು ಹೇಳುತ್ತಾರೆ. ಅದನ್ನು ನಂಬಿ ಕೂರಬೇಡಿ. ಎರಡು ಮೂರು ಸಲ ಒಗೆಯಿರಿ. ಮತ್ತೆ ಬಿಳಿ ಬಟ್ಟೆಗೆ ಒತ್ತಿ ನೋಡಿ. ಆಗಲೂ ಬಣ್ಣ ಬಿಟ್ಟರೆ ಆ ಬಟ್ಟೆ ಬೇಡ. ಹೊಸ ಹತ್ತಿ ಬಟ್ಟೆ ಒಗೆದರೆ ಸ್ವಲ್ಪ ಕುಗ್ಗುತ್ತದೆ. ಅದಕ್ಕಾಗಿಯೂ ಮೊದಲೇ ಒಗೆಯಬೇಕು.

ಚೌಕ ಕತ್ತರಿಸುವುದು

ನಮ್ಮ ಕೌದಿ 4 ಅಡಿ ಅಗಲ, 6 ಅಡಿ ಉದ್ದ. ಒಬ್ಬರು ಹೊದೆಯಲು ಸಾಕು. ಇದಕ್ಕೆ ಎಷ್ಟು ಚೌಕ ಬೇಕು? ಲೆಕ್ಕ ಮಾಡೋಣ.

ಒಂದು ಅಡಿಗೆ 12 ಅಂಗುಲ. 4 ಅಡಿಗೆ 48 ಅಂಗುಲ. 6 ಅಡಿಗೆ 72 ಅಂಗುಲ. ಒಂದು ಚೌಕ 6 ಅಂಗುಲ ಕಾಣಬೇಕು ಎಂದು ಇಟ್ಟುಕೊಳ್ಳೋಣ.

ಅಗಲಕ್ಕೆ: 48 ÷ 6 = 8 ಚೌಕ.

ಉದ್ದಕ್ಕೆ: 72 ÷ 6 = 12 ಚೌಕ.

ಒಟ್ಟು: 8 × 12 = 96 ಚೌಕ.

ನಾವು ಕೇಂದ್ರದಲ್ಲಿ ಇದ್ದದ್ದು ಹನ್ನೆರಡು ಜನ. ಒಬ್ಬೊಬ್ಬರಿಗೆ 8 ಚೌಕ ಬಂತು. ಎಂಟರ ಮಗ್ಗಿ ಆ ವಾರ ಎಲ್ಲರ ಬಾಯಲ್ಲೂ ಇತ್ತು.

ಈಗ ಒಂದು ಎಚ್ಚರ. 6 ಅಂಗುಲ ಕಾಣಬೇಕಾದರೆ 6 ಅಂಗುಲವೇ ಕತ್ತರಿಸಬಾರದು. ನಾಲ್ಕೂ ಕಡೆ ಅರ್ಧ ಅರ್ಧ ಅಂಗುಲ ಹೊಲಿಗೆಯ ಒಳಗೆ ಹೋಗುತ್ತದೆ. ಆದ್ದರಿಂದ 7 ಅಂಗುಲ ಕತ್ತರಿಸಬೇಕು.

ರಟ್ಟಿನಲ್ಲಿ 7 ಅಂಗುಲದ ಒಂದು ಚೌಕ ಕತ್ತರಿಸಿ ಇಟ್ಟುಕೊಳ್ಳಿ. ಅದನ್ನು ಬಟ್ಟೆಯ ಮೇಲಿಟ್ಟು, ಬಳಪದಲ್ಲಿ ಗೆರೆ ಎಳೆದು, ಕತ್ತರಿಸಿ. ಮೂಲೆ ನೇರ ಇದೆಯೇ ಎಂದು ಹೇಗೆ ನೋಡುವುದು? ರಟ್ಟಿನ ಎದುರು ಬದುರು ಮೂಲೆಗಳನ್ನು ಅಳೆಯಿರಿ. ಎರಡೂ ಓರೆ ಅಳತೆ ಒಂದೇ ಬಂದರೆ ಸರಿ. ಮನೆ ಕಟ್ಟುವ ಮೇಸ್ತ್ರಿ ಪಾಯಕ್ಕೆ ದಾರ ಹಿಡಿದು ನೋಡುವುದೂ ಹೀಗೆಯೇ.

ಪಟ್ಟಿಯಿಂದ ಚೌಕ

ಎಲ್ಲ ಚೂರೂ 7 ಅಂಗುಲ ಇರುವುದಿಲ್ಲ. ಟೈಲರ್ ಅಂಗಡಿಯಲ್ಲಿ ಸಿಗುವುದು ಬಹಳ ಮಟ್ಟಿಗೆ ಉದ್ದನೆ ಪಟ್ಟಿ. ಅದರಿಂದಲೂ ಚೌಕ ಮಾಡಬಹುದು.

ಎರಡೂವರೆ ಅಂಗುಲ ಅಗಲ, 7 ಅಂಗುಲ ಉದ್ದದ 4 ಪಟ್ಟಿ ಕತ್ತರಿಸಿ. ಎರಡು ಪಟ್ಟಿಯನ್ನು ಬಣ್ಣದ ಮುಖ ಒಳಗೆ ಬರುವ ಹಾಗೆ ಒಂದರ ಮೇಲೊಂದು ಇಡಿ. ಒಂದು ಅಂಚಿನಿಂದ ಅರ್ಧ ಅಂಗುಲ ಬಿಟ್ಟು ಹೊಲಿಯಿರಿ. ಬಿಡಿಸಿ, ಹೊಲಿಗೆಯ ಮೇಲೆ ಉಗುರಿನಿಂದ ಉಜ್ಜಿ. ಮೂರನೆಯದು, ನಾಲ್ಕನೆಯದು ಹೀಗೇ ಸೇರಿಸಿ. ಒಂದು ಚೌಕ ಆಯಿತು.

ಇದನ್ನು ಹೇಳುವಾಗ ಒಬ್ಬ ಅಕ್ಕ ಜಗಳಕ್ಕೇ ಬಂದರು.

"ಎರಡೂವರೆ ನಾಕಲಿ ಹತ್ತು. ಹತ್ತು ಅಂಗುಲ ಆಗಬೇಕಲ್ಲ? ಏಳು ಅಂತೀರಲ್ಲ ಮೇಷ್ಟ್ರೇ, ಮೂರು ಅಂಗುಲ ಯಾರು ತಿಂದ್ರು?"

"ಹೊಲಿಗೆ ತಿಂತು ಕಣೇ" ಎಂದರು ಅಜ್ಜಿ.

ಅಜ್ಜಿ ಹೇಳಿದ್ದು ಸರಿ. ನಾಲ್ಕು ಪಟ್ಟಿ ಸೇರಿಸಲು 3 ಹೊಲಿಗೆ ಬೇಕು. ಒಂದೊಂದು ಹೊಲಿಗೆ ಎರಡೂ ಕಡೆಯಿಂದ ಅರ್ಧ ಅರ್ಧ ಅಂಗುಲ ತಿನ್ನುತ್ತದೆ. ಅಂದರೆ ಒಂದು ಹೊಲಿಗೆಗೆ 1 ಅಂಗುಲ. 10 – 3 = 7. ಈ ಲೆಕ್ಕವನ್ನು ನೆನಪಿಡಿ. ಅಳತೆ ತಪ್ಪುವುದು ಬಹಳ ಮಟ್ಟಿಗೆ ಇಲ್ಲೇ.

ಇನ್ನೂ ಸಣ್ಣ, ಸೊಟ್ಟ ಚೂರುಗಳಿದ್ದರೆ? ಹಳೆ ಪಂಚೆಯಲ್ಲಿ 7 ಅಂಗುಲದ ಚೌಕ ಕತ್ತರಿಸಿ. ಅದರ ಮೇಲೆ ಚೂರುಗಳನ್ನು ಅಂಚು ಮಡಚಿ ತೇಪೆ ಹಾಕಿದ ಹಾಗೆ ಹೊಲಿಯಿರಿ. ಅಂಗೈ ಅಗಲದ ಚೂರೂ ಬಿಡುವ ಹಾಗಿಲ್ಲ.

ಜೋಡಿಸುವುದು

96 ಚೌಕವನ್ನು ನೆಲದ ಮೇಲೆ ಹರಡಿ. ಅಡ್ಡ 8, ಉದ್ದ 12. ಹೊಲಿಯುವ ಮೊದಲು ದೂರ ನಿಂತು ನೋಡಿ. ಒಂದು ಗಾಢ ಬಣ್ಣ, ಒಂದು ತಿಳಿ ಬಣ್ಣ, ಹೀಗೆ ಇಟ್ಟರೆ ಚೌಕಾಬಾರದ ಮನೆಯ ಹಾಗೆ ಕಾಣುತ್ತದೆ. ಪಟ್ಟಿಯ ಚೌಕಗಳಾದರೆ ಒಂದನ್ನು ನಿಲ್ಲಿಸಿ, ಪಕ್ಕದ್ದನ್ನು ಮಲಗಿಸಿ ಇಡಿ. ಚಾಪೆ ಹೆಣೆದ ಹಾಗೆ ಕಾಣುತ್ತದೆ. ಒಂದೇ ಬಣ್ಣ ಒಂದೇ ಕಡೆ ಗುಂಪಾಗದಿರಲಿ.

ಮೊದಲು 8 ಚೌಕ ಸೇರಿಸಿ ಒಂದು ಸಾಲು ಮಾಡಿ. ಹೀಗೆ 12 ಸಾಲು ಆಗಲಿ. ಸಾಲಿನ ಹಿಂದೆ 1, 2, 3 ಎಂದು ಬಳಪದಲ್ಲಿ ಬರೆಯಿರಿ. ಇಲ್ಲದಿದ್ದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗುತ್ತದೆ. ಆಮೇಲೆ ಸಾಲಿಗೆ ಸಾಲು ಸೇರಿಸಿ. ನಾಲ್ಕು ಚೌಕದ ಮೂಲೆ ಒಂದೇ ಕಡೆ ಕೂಡಬೇಕು. ಅಲ್ಲಿ ಮೊದಲು ಪಿನ್ನು ಚುಚ್ಚಿಕೊಂಡು ಹೊಲಿದರೆ ಜರುಗುವುದಿಲ್ಲ.

ಈಗ ಮೇಲಿನ ಬಟ್ಟೆ ಸಿದ್ಧ. ಅಳೆದು ನೋಡಿ. 49 ಅಂಗುಲ ಅಗಲ, 73 ಅಂಗುಲ ಉದ್ದ ಬರಬೇಕು. ಸುತ್ತಲಿನ ಅರ್ಧ ಅಂಗುಲ ಇನ್ನೂ ಹೊಲಿಗೆಗೆ ಸಿಕ್ಕಿಲ್ಲ. ಅದಕ್ಕೇ ಒಂದೊಂದು ಅಂಗುಲ ಹೆಚ್ಚು.

ಪದರ ಹಾಸುವುದು

ಒಳಗೆ ಮತ್ತು ಕೆಳಗೆ ಹಳೆ ಹತ್ತಿ ಸೀರೆ ಬೇಕು. ಸೀರೆ ಸುಮಾರು ಐದೂವರೆ ಮೀಟರ್ ಇರುತ್ತದೆ. ಅಂದರೆ 216 ಅಂಗುಲ. ಅಗಲ ಸುಮಾರು 45 ಅಂಗುಲ.

ಸೀರೆಯನ್ನು ಸಮನಾಗಿ 4 ತುಂಡು ಮಾಡಿ. 216 ÷ 4 = 54. ಒಂದೊಂದು ತುಂಡು 54 ಅಂಗುಲ, 45 ಅಂಗುಲ. ಎರಡೆರಡು ತುಂಡನ್ನು ಸೀರೆಯ ಅಂಚಿಗೆ ಅಂಚು ಕೂಡಿಸಿ ಹೊಲಿಯಿರಿ. 54 ಅಂಗುಲ ಅಗಲ, 89 ಅಂಗುಲ ಉದ್ದದ ಎರಡು ಹಾಸು ಆಗುತ್ತವೆ. ಒಂದು ಸೀರೆಯಲ್ಲಿ ಎರಡು ಪದರ. ಚಳಿಗೆ ಹೊದೆಯಲು ಇನ್ನೊಂದು ಸೀರೆಯ ಎರಡು ಪದರ ಸೇರಿಸಿ.

ಗಟ್ಟಿ ಇರುವ ಹಾಸನ್ನು ಕೆಳಗೆ ಹಾಸಿ. ಅದು ನಾಲ್ಕೂ ಕಡೆ ಎರಡೂವರೆ ಅಂಗುಲ ಹೆಚ್ಚು ಇರಲಿ. ಉದ್ದದಲ್ಲಿ ಉಳಿದದ್ದನ್ನು ಕತ್ತರಿಸಿ ಪಟ್ಟಿಗೆ ಇಟ್ಟುಕೊಳ್ಳಿ. ಒಳ ಪದರಗಳನ್ನು ಮೇಲಿನ ಬಟ್ಟೆಯ ಅಳತೆಗೇ ಕತ್ತರಿಸಿ. ಎಲ್ಲಕ್ಕಿಂತ ಮೇಲೆ ಚೌಕದ ಬಟ್ಟೆ ಹಾಸಿ. ಸುಕ್ಕು ಇರಬಾರದು. ಅಜ್ಜಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟು, ಕೈಯಿಂದ ನಡುವಿನಿಂದ ಹೊರಕ್ಕೆ ಸವರುತ್ತಾ ಹೋದರು. ಆಮೇಲೆ ಒಂದೊಂದು ಗೇಣಿಗೆ ಉದ್ದನೆಯ ಕಚ್ಚಾ ಹೊಲಿಗೆ ಹಾಕಿಸಿದರು. ಕೆಲಸ ಮುಗಿದ ಮೇಲೆ ಕಚ್ಚಾ ಹೊಲಿಗೆ ಬಿಚ್ಚಬೇಕು.

ಈಗ ಅಂಚು. ಕೆಳಗಿನ ಸೀರೆಯ ಹೆಚ್ಚಿನ ಅಂಚನ್ನು ಅರ್ಧ ಅಂಗುಲ ಒಳಕ್ಕೆ ಮಡಚಿ. ಮತ್ತೆ ಅದನ್ನು ಮೇಲಿನ ಬಟ್ಟೆಯ ಮೇಲೆ ಮಡಚಿ ಹೊಲಿಯಿರಿ. ಸೀರೆಯ ಬಣ್ಣವೇ ಕೌದಿಗೆ ಅಂಚು ಆಗುತ್ತದೆ.

ಕೊನೆಗೆ ಮೈ ಹೊಲಿಗೆ. ಎರಡು ಬೆರಳು ಅಂತರದಲ್ಲಿ ಉದ್ದಕ್ಕೂ ಸಾಲು ಸಾಲಾಗಿ ಹೊಲಿಯಿರಿ. ಸೂಜಿ ಎಲ್ಲ ಪದರ ದಾಟಬೇಕು. ಕೆಳಗಿನಿಂದ ಬೆರಳಿಟ್ಟು ಸೂಜಿಯ ತುದಿ ತಾಗಿತೇ ಎಂದು ನೋಡುತ್ತಾ ಹೋಗಿ. ಸಾಲು ದೂರ ದೂರ ಆದರೆ ಒಗೆದಾಗ ಒಳಗಿನ ಸೀರೆ ಗಂಟುಕಟ್ಟುತ್ತದೆ. ದಾರ ನಿಮ್ಮ ಒಂದು ಕೈ ಉದ್ದಕ್ಕಿಂತ ಹೆಚ್ಚು ಬೇಡ. ಉದ್ದ ದಾರ ಸಿಕ್ಕು ಬೀಳುತ್ತದೆ.

ಎಚ್ಚರ, ಎಚ್ಚರ

ಸೂಜಿ ಎಣಿಸಿ ತೆಗೆಯಿರಿ, ಎಣಿಸಿ ಇಡಿ. ಐದು ತೆಗೆದರೆ ಐದೂ ವಾಪಸು ಬರಬೇಕು. ಒಂದು ಕಮ್ಮಿಯಾದರೆ ಸಿಗುವವರೆಗೆ ಕೌದಿ ಹೊದೆಯಬೇಡಿ. ತುಕ್ಕು ಹಿಡಿದ ಸೂಜಿ ಬೇಡ. ಆಳವಾಗಿ ಚುಚ್ಚಿಕೊಂಡರೆ ಸೋಪು ನೀರಲ್ಲಿ ತೊಳೆದು, ಆರೋಗ್ಯ ಕೇಂದ್ರಕ್ಕೆ ಹೋಗಿ. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ.

ಎಳೆ ಮಗುವಿನ ಮುಖ ಮುಚ್ಚುವ ಹಾಗೆ ಕೌದಿ ಹೊದಿಸಬೇಡಿ. ಉಸಿರು ಕಟ್ಟುತ್ತದೆ. ಕೌದಿಯನ್ನು ಆಗಾಗ ಬಿಸಿಲಿಗೆ ಹಾಕಿ. ಒಗೆದ ಮೇಲೆ ಪೂರ್ತಿ ಒಣಗಿದ ಮೇಲೆಯೇ ಮಡಚಿ ಇಡಿ. ಮುಸ್ಸಂಜೆ ಬೆಳಕಿನಲ್ಲಿ ಹೊಲಿಯಬೇಡಿ. ಕಣ್ಣಿಗೆ ಆಯಾಸ. ಹತ್ತಿರದ್ದು ಮಸುಕಾಗಿ ಕಂಡರೆ ಕಣ್ಣು ಪರೀಕ್ಷೆ ಮಾಡಿಸಿ. ನಮ್ಮ ಅಜ್ಜಿ ಕನ್ನಡಕ ಹಾಕಿದ ಮೇಲೆ ಸೂಜಿಗೆ ದಾರವನ್ನೂ ಪೋಣಿಸಿದರು, ಅಕ್ಷರವನ್ನೂ ಓದಿದರು.

ಬೇರೆ ಊರಿನ ಅಕ್ಕಂದಿರು

ಕೌದಿ ನಮ್ಮೂರಲ್ಲಿ ಮಾತ್ರ ಇಲ್ಲ. ಮಹಾರಾಷ್ಟ್ರದಲ್ಲಿ ಇದನ್ನು ಗೋಧಡಿ ಎನ್ನುತ್ತಾರೆ. ಬಿಹಾರದಲ್ಲಿ ಸುಜನಿ. ಬಂಗಾಳದಲ್ಲಿ ಕಾಂಥಾ. ಎಲ್ಲ ಕಡೆಯೂ ಹಳೆ ಬಟ್ಟೆಯೇ, ಹೆಂಗಸರ ಕೈಯೇ.

ನಮ್ಮ ರಾಜ್ಯದ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಿದ್ದಿ ಜನ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಕಾಡಿನ ಊರುಗಳಲ್ಲಿ ಅವರ ಮನೆಗಳು. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಕವಂದ್ ಎನ್ನುತ್ತಾರೆ. ಅವರು ಅಂಚಿನಿಂದ ಶುರು ಮಾಡಿ, ಸುತ್ತ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮುಕ್ಕೋನದ ಹೂವು ಇಡುತ್ತಾರೆ. ಹೂವು ಇಡದಿದ್ದರೆ ಕೌದಿ ಪೂರ್ತಿ ಆದ ಹಾಗಲ್ಲ.

ಅಮೆರಿಕದಲ್ಲಿ ಅಲಬಾಮಾ ಎಂಬ ರಾಜ್ಯ ಇದೆ. ಅಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿ. ಅಲ್ಲಿಯ ಕಪ್ಪು ಜನರ ಹಿರಿಯರೂ ಗುಲಾಮರಾಗಿದ್ದವರು. ಹತ್ತಿ ಹೊಲದಲ್ಲಿ ದುಡಿದವರು. ಅಲ್ಲಿಯ ಹೆಂಗಸರು ಹರಿದ ಕೆಲಸದ ಬಟ್ಟೆಯಲ್ಲಿ ಕೌದಿ ಹೊಲಿಯುತ್ತಿದ್ದರು. 1966ರಲ್ಲಿ ಆ ಊರು ಮತ್ತು ಸುತ್ತಲಿನ ಹೆಂಗಸರು ಒಂದು ಸಹಕಾರ ಸಂಘ ಕಟ್ಟಿದರು. ತಾವೇ ಹೊಲಿದು, ತಾವೇ ಲೆಕ್ಕ ಇಟ್ಟು, ದೂರದ ನಗರಗಳಿಗೆ ಮಾರಿದರು. 2002ರಲ್ಲಿ ಜೀಸ್ ಬೆಂಡಿನ ಕೌದಿಗಳನ್ನು ನ್ಯೂಯಾರ್ಕಿನ ದೊಡ್ಡ ವಸ್ತುಸಂಗ್ರಹಾಲಯದಲ್ಲಿ ಗೋಡೆಗೆ ತೂಗುಹಾಕಿದರು. 2006ರಲ್ಲಿ ಆ ದೇಶದ ಅಂಚೆ ಚೀಟಿಯ ಮೇಲೆ ಅವುಗಳ ಚಿತ್ರ ಬಂತು.

ಇದನ್ನು ಓದಿ ಹೇಳಿದಾಗ ನಮ್ಮ ಅಜ್ಜಿ ಕೇಳಿದ್ದು ಒಂದೇ ಮಾತು.

"ಕೂಲಿ ಎಷ್ಟು ಬಂತಂತೆ?"

ಕೂಲಿ ಲೆಕ್ಕ

ಅಜ್ಜಿ ಕೇಳಿದ್ದೇ ಸರಿಯಾದ ಪ್ರಶ್ನೆ. ಅವತ್ತು ನಾವು ಅಜ್ಜಿಯ ಕೌದಿಯ ಲೆಕ್ಕ ಹಾಕಿದೆವು. 400 ರೂಪಾಯಿ ಸಿಕ್ಕಿದ ಆ ಕೌದಿ.

"ಎಷ್ಟು ದಿನ ಹೊಲಿದ್ರಿ ಅಜ್ಜಿ?"

"ಎಂಟು ದಿನ."

"ದಿನಕ್ಕೆ ಎಷ್ಟು ಹೊತ್ತು?"

"ಮಧ್ಯಾಹ್ನ ಉಂಡ ಮೇಲೆ ಕೂತ್ರೆ, ದನ ಮನೆಗೆ ಬರೋ ಗಂಟ."

ಅದು ಸುಮಾರು 5 ಗಂಟೆ. 8 × 5 = 40 ಗಂಟೆ. ಒಂದು ದಿನದ ಕೆಲಸ 8 ಗಂಟೆ. 40 ÷ 8 = 5. ಅಂದರೆ ಪೂರ್ತಿ 5 ದಿನದ ದುಡಿಮೆ. ದಿನದ ಕೂಲಿ 300 ರೂಪಾಯಿ ಎಂದು ಇಟ್ಟುಕೊಳ್ಳೋಣ. 5 × 300 = 1500 ರೂಪಾಯಿ. ದಾರ, ಸೂಜಿಗೆ 70 ರೂಪಾಯಿ. ಒಟ್ಟು 1570 ರೂಪಾಯಿ.

ಹಲಗೆಯ ಮೇಲೆ 1570 ಎಂದು ಬರೆದೆವು. ಅದರ ಪಕ್ಕ 400 ಎಂದು ಬರೆದೆವು. ಯಾರೂ ಮಾತಾಡಲಿಲ್ಲ.

"ಮಾತಾಡಿಕೊಂಡಿದ್ದ ಆರುನೂರೇ ಕಮ್ಮಿ ಇತ್ತು ಹಂಗಾದ್ರೆ" ಎಂದರು ಅಜ್ಜಿ, ಸ್ವಲ್ಪ ಹೊತ್ತಿನ ಮೇಲೆ. "ಎಂಟು ಅಂಗುಲಕ್ಕೆ ನಾನು ಬೇಜಾರು ಮಾಡಿಕೊಂಡು ಕೂತಿದ್ನಲ್ಲ!"

ನಾವು ಎಲ್ಲರೂ ಸೇರಿ ಹೊಲಿದ ಚೌಕದ ಕೌದಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಒಂದು ಚೌಕಕ್ಕೆ ಅರ್ಧ ಗಂಟೆ. 96 ಚೌಕಕ್ಕೆ 48 ಗಂಟೆ. ಜೋಡಿಸಲು, ಮೈ ಹೊಲಿಯಲು ಮತ್ತೆ ಅಷ್ಟೇ. ಅಂದರೆ 96 ಗಂಟೆ. 96 ÷ 8 = 12 ದಿನ. 12 × 300 = 3600 ರೂಪಾಯಿಯ ದುಡಿಮೆ. ಬಟ್ಟೆ ಬಿಟ್ಟಿ. ಕೆಲಸ ಬಿಟ್ಟಿ ಅಲ್ಲ.

ಈ ಬೆಲೆ ಕೇಳಿದ ತಕ್ಷಣ ಸಿಗುತ್ತದೆಯೇ? ಸಿಗುವುದಿಲ್ಲ. ಹಳ್ಳಿಯಲ್ಲಿ ಅಷ್ಟು ಕೊಡುವ ಶಕ್ತಿ ಎಲ್ಲರಿಗೂ ಇಲ್ಲ. ಅಂಗಡಿ ರಗ್ಗು ಅಗ್ಗ. ನಂಟರಿಗೆ, ಬಾಣಂತಿಗೆ ಹೊಲಿದರೆ ನಾವು ಕೂಲಿ ಕೇಳುವುದೂ ಇಲ್ಲ. ಪ್ರೀತಿಯಿಂದ ಕೊಡುತ್ತೇವೆ. ಆದರೆ ಪ್ರೀತಿಯಿಂದ ಬಿಡುವುದು ಬೇರೆ. ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ. ಎಷ್ಟು ಬಿಟ್ಟೆವು ಎಂದು ನಮಗೆ ಗೊತ್ತಿರಬೇಕು.

ಅದಕ್ಕೆ ಒಂದು ಸಣ್ಣ ಪುಸ್ತಕ ಇಡಿ. ಬೇರೆಯವರ ಕೌದಿ ಒಪ್ಪಿಕೊಳ್ಳುವಾಗ ಇಷ್ಟನ್ನು ಬರೆಯಿರಿ:

ಯಾರ ಕೌದಿ, ಯಾವ ತಾರೀಖು.

ಅಗಲ ಎಷ್ಟು ಅಡಿ, ಉದ್ದ ಎಷ್ಟು ಅಡಿ.

ಎಷ್ಟು ಸೀರೆ ಕೊಟ್ಟರು.

ಕೂಲಿ ಎಷ್ಟು, ಮುಂಗಡ ಎಷ್ಟು.

ಯಾವಾಗ ಕೊಡಬೇಕು.

ಬರೆದದ್ದನ್ನು ಅವರಿಗೆ ಓದಿ ಹೇಳಿ. ಅವರ ಸಹಿ ಹಾಕಿಸಿ. ನೀವೂ ಸಹಿ ಹಾಕಿ. ದಿನಾ ಎಷ್ಟು ಗಂಟೆ ಹೊಲಿದಿರಿ ಎಂದು ಒಂದು ಅಂಕಿ ಬರೆಯಿರಿ. ಸಾಕು.

ಸ್ವಸಹಾಯ ಸಂಘದಲ್ಲಿ ಇದ್ದರೆ ನಾಲ್ಕೈದು ಜನ ಸೇರಿ ಒಂದೇ ಕೂಲಿ ಗೊತ್ತು ಮಾಡಿಕೊಳ್ಳಿ. ಒಬ್ಬರು ಸಾವಿರ ಕೇಳಿ, ಇನ್ನೊಬ್ಬರು ಮುನ್ನೂರಕ್ಕೆ ಒಪ್ಪಿದರೆ ಇಬ್ಬರಿಗೂ ನಷ್ಟ.

ಕೌದಿಯ ಮೂಲೆಯ ಅಕ್ಷರ

ನಮ್ಮ ಕೌದಿ ಯುಗಾದಿಗೆ ಮುಂಚೆ ಮುಗಿಯಿತು. ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮಗಳು ಪಾವಗಡದ ಕಡೆಯಿಂದ ಬಾಣಂತನಕ್ಕೆ ಬಂದಿದ್ದಳು. ಎಲ್ಲರೂ ಸೇರಿ ಅವಳಿಗೇ ಕೊಟ್ಟೆವು. ಕೊಡುವ ಮೊದಲು ಹನ್ನೆರಡು ಜನವೂ ಅಂಚಿನ ಮೇಲೆ ತಮ್ಮ ತಮ್ಮ ಹೆಸರಿನ ಮೊದಲ ಅಕ್ಷರವನ್ನು ದಾರದಲ್ಲಿ ಹೊಲಿದರು. ಒಬ್ಬರ ಅಕ್ಷರ ಸ್ವಲ್ಪ ಸೊಟ್ಟ. ಒಬ್ಬರದ್ದು ದೊಡ್ಡದು. ಆದರೆ ಎಲ್ಲವನ್ನೂ ಓದಬಹುದು.

ಆಮೇಲೆ ಒಂದು ದಿನ ಕೊರಟಗೆರೆ ಕಡೆಯವರು ಅಜ್ಜಿಯ ಮನೆಗೆ ಸೀರೆ ಗಂಟು ತಂದರು. ಅಜ್ಜಿ ಒಳಗಿನಿಂದ ಟೇಪು, ಪುಸ್ತಕ ತಂದರು. ಕನ್ನಡಕ ಹಾಕಿಕೊಂಡರು. ಅಗಲ 4, ಉದ್ದ 6 ಎಂದು ನಿಧಾನವಾಗಿ ಬರೆದರು. ಕೂಲಿ ಎಂದು ಬರೆದು 1500 ಎಂದರು. ಬಂದವರು ಚೌಕಾಸಿ ಮಾಡಿದರು. ಕೊನೆಗೆ 1000ಕ್ಕೆ ಒಪ್ಪಿದರು. ಅಜ್ಜಿ ಸಹಿ ಹಾಕಿಸಿಕೊಂಡರು.

ಮಾರನೇ ದಿನ ಕೇಂದ್ರಕ್ಕೆ ಬಂದು ಹೇಳಿದರು. "ಐನೂರು ಬಿಟ್ಟೆ ಮೇಷ್ಟ್ರೇ. ಗೊತ್ತಿದ್ದೇ ಬಿಟ್ಟೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಯಲ್ಲೂ ಒಂದು ಕೆಲಸ ಇದೆ. ಚಾಪೆ, ಬುಟ್ಟಿ, ಕಂಬಳಿ, ಪೊರಕೆ, ಹಪ್ಪಳ, ಯಾವುದೋ ಒಂದು. ಅದಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ? ಇವತ್ತು ಬರೆದು ನೋಡಿ.

ಓದಿ, ಉತ್ತರ ಹೇಳಿ

1. ಅಜ್ಜಿಯ ಕೌದಿ 8 ಅಂಗುಲ ಕಮ್ಮಿ ಆದದ್ದು ಯಾಕೆ?

2. ನಿಮ್ಮ ಮೊಳ ಎಷ್ಟು ಅಂಗುಲ? ಟೇಪಿನಿಂದ ಅಳೆದು ಬರೆಯಿರಿ.

3. ಬಟ್ಟೆಗೆ ಮಾಡುವ ಮೂರು ಪರೀಕ್ಷೆ ಯಾವುವು?

4. ಮಗುವಿಗೆ 3 ಅಡಿ ಅಗಲ, 3 ಅಡಿ ಉದ್ದದ ಕೌದಿ ಬೇಕು. 6 ಅಂಗುಲ ಕಾಣುವ ಚೌಕ ಎಷ್ಟು ಬೇಕು?

5. ದಿನಕ್ಕೆ 4 ಗಂಟೆಯಂತೆ 6 ದಿನ ಹೊಲಿದರೆ ಒಟ್ಟು ಎಷ್ಟು ಗಂಟೆ? 8 ಗಂಟೆಗೆ ಒಂದು ದಿನದಂತೆ ಅದು ಎಷ್ಟು ದಿನದ ಕೂಲಿ?